ನೋಡಾಕೆ ಕೊಟ್ಟ ಎಕ್ಸರೆ

ವಯಸ್ಸಾದಂತೆ ನಾಚಿಕೆ ಕಡಿಮೆಯಾಗುತ್ತದೆ ಎನ್ನುವುದು ನನ್ನ ಮಟ್ಟಿಗೆ ಮುಕ್ಕಾಲು ಪಾಲು ನಿಜ. ಮಿಡ್ಲ್ ಸ್ಕೂಲಿನಲ್ಲಿ ತೇಪೆ ಹಾಕಿದ ಚಡ್ಡಿಗೆ ನಾಚುತ್ತಿದ್ದೆ. ಕಾಲೇಜಿನಲ್ಲಿ ನನ್ನ ಇಂಗ್ಲಿಷಿಗೆ ನಾಚುತ್ತಿದ್ದೆ. ಮದುವೆಯಾದ ಹೊಸದರಲ್ಲಿ ಮಾವನ ಮನೆಯಲ್ಲಿ ಮೂರನೆಯ ಹೋಳಿಗೆ ಹಾಕಿಸಿಕೊಳ್ಳಲು ನಾಚಿ, ರಾತ್ರಿಯೆಲ್ಲ ಅದನ್ನೇ ನೆನೆಯುತ್ತ ಮಲಗಿದ್ದೂ ಉಂಟು. ಈಗ ಅದೆಲ್ಲ ಹೋಗಿದೆ. ಬನಿಯನ್ನಿನಲ್ಲೇ ಬೀದಿಯ ಕೊನೆಯವರೆಗೆ ಹೋಗಿ ಹಾಲು ತರುತ್ತೇನೆ, ಹೋಳಿಗೆಯನ್ನು ಕೇಳಿಯೇ ಹಾಕಿಸಿಕೊಳ್ಳುತ್ತೇನೆ. ಉಳಿದ ಕಾಲು ಪಾಲು ಮಾತ್ರ ಎಂಟು ವರ್ಷವಾದರೂ ಕರಗಿಲ್ಲ. ಅದು ಸೂರ್ಯನಿಗೆ ಸಂಬಂಧಪಟ್ಟದ್ದು. ಸೂರ್ಯ ದಿನಾ ಹುಟ್ಟುವುದರಿಂದ ಅದನ್ನು ಮರೆಯುವ ಸೌಕರ್ಯವೂ ನನಗಿಲ್ಲ.

ಎಂಬತ್ತನೆಯ ಇಸವಿಯ ಫೆಬ್ರವರಿಯ ಸೂರ್ಯಗ್ರಹಣವನ್ನು ನಮ್ಮ ಕಡೆಯವರು ಯಾರೂ ಮರೆತಿರಲಾರರು. ಹಾಗೆಂದರೆ ಎಲ್ಲರೂ ನೋಡಿದರು ಎಂದಲ್ಲ, ಬಾಗಿಲು ಹಾಕಿಕೊಂಡು ಒಳಗೆ ಕೂತದ್ದನ್ನು ಮರೆತಿರಲಾರರು. ನಾನು ಆಗಲೂ ಈಗಿನಂತೆ ಹೊನ್ನಾಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಗ್ರಹಣಕ್ಕೆ ಎರಡು ತಿಂಗಳಿರುವಾಗಲೇ ‘ಸುರಕ್ಷಿತ ಗ್ರಹಣ ವೀಕ್ಷಣಾ ಸಮಿತಿ’ ಎಂದು ಒಂದನ್ನು ಕಟ್ಟಿದೆ. ಅದರ ಅಧ್ಯಕ್ಷ ನಾನು, ಕಾರ್ಯದರ್ಶಿಯೂ ನಾನು. ಸದಸ್ಯರು ನಮ್ಮ ಡ್ರಾಯಿಂಗ್ ಮೇಷ್ಟ್ರು ರುದ್ರಪ್ಪ. ಜನರ ಹೆದರಿಕೆ ಬಿಡಿಸಬೇಕು, ಎಲ್ಲರನ್ನೂ ಬಯಲಿಗೆ ಕರೆತಂದು ಸೂರ್ಯನನ್ನು ಕ್ಷೇಮವಾಗಿ ತೋರಿಸಬೇಕು ಎನ್ನುವುದು ನಮ್ಮ ಉದ್ದೇಶ. ನನ್ನ ಹೆಸರು ನಾಲ್ಕು ಊರಲ್ಲಿ ಕೇಳಿಬರಬೇಕು ಎನ್ನುವ ಉದ್ದೇಶವೂ ಇತ್ತು. ಅದನ್ನು ಸಮಿತಿಯ ಪುಸ್ತಕದಲ್ಲಿ ಬರೆದಿರಲಿಲ್ಲ.

ಮೊದಮೊದಲು ನಾನು ಹೇಳಿಕೊಟ್ಟದ್ದು ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಬೆಳಕನ್ನು ಇನ್ನೊಂದು ರಟ್ಟಿನ ಮೇಲೆ ಬೀಳಿಸಿ, ಅಲ್ಲಿ ಮೂಡುವ ಸೂರ್ಯನ ಪುಟ್ಟ ಬಿಂಬವನ್ನು ನೋಡುವ ವಿಧಾನ. ಕೇಳಿದವರು ಆಕಳಿಸಿದರು. “ಸೂರ್ಯಂಗೆ ಬೆನ್ನು ತಿರುಗಿಸ್ಕಂಡು ನಿಂತು ರಟ್ಟು ನೋಡಾಕೆ ಅಲ್ಲಿತನ ಬರ್ಬೇಕೇನ್ರಿ ಮೇಷ್ಟ್ರೆ?” ಎಂದು ಒಬ್ಬರು ಕೇಳಿಯೇಬಿಟ್ಟರು. ಚಪ್ಪಾಳೆ ಬೀಳದ ವಿಧಾನದ ಮೇಲೆ ನನಗೂ ವಿಶ್ವಾಸ ಕಡಿಮೆಯಾಯಿತು. ಆಗ ಯಾರೋ ಎಕ್ಸರೆ ಹಾಳೆಯ ಮೂಲಕ ನೋಡಬಹುದು ಎಂದರು. ಯಾರು, ಅವರಿಗೆ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ಹುಡುಗರಿಗೆ ವರ್ಷವಿಡೀ “ಪ್ರಶ್ನೆ ಕೇಳ್ರಪ್ಪಾ” ಎಂದು ಬೋಧಿಸುವವನು ನಾನು.

ಎಕ್ಸರೆ ಕೂಡಿಸುವುದು ಸುಲಭದ ಕೆಲಸವಲ್ಲ. ನಮ್ಮ ಕಡೆ ಒಮ್ಮೆ ಎಕ್ಸರೆ ತೆಗೆಸಿಕೊಂಡವರು ಅದನ್ನು ಜೋಪಾನವಾಗಿ ಇಟ್ಟುಕೊಂಡು, ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ತೋರಿಸುತ್ತಾರೆ. ಪಕ್ಕದ ಬೀದಿಯ ಬಸಣ್ಣನ ಹತ್ತಿರ ಎತ್ತು ಒದ್ದ ಮಂಡಿಯ ಎಕ್ಸರೆ ಇತ್ತು. “ನನ್ನ ಮಂಡಿಚಿಪ್ಪು ಊರ ಮಂದಿ ಕೈಗೆ ಕೊಟ್ಟು ಕೂರಾಕಾಗ್ತೈತಾ? ನಾಳೆ ಮತ್ತೆ ನೋವು ಬಂದ್ರೆ ಡಾಕ್ಟ್ರಿಗೆ ಏನ್ ತೋರಿಸ್ಲಿ?” ಎಂದ. “ಮಂಡಿನೇ ತೋರಿಸಪ್ಪ” ಎಂದೆ. ಆ ಉಪಾಯ ಅವನಿಗೆ ಹೊಳೆದಿರಲಿಲ್ಲವಾಗಿ ಎಕ್ಸರೆ ಕೊಟ್ಟ. ಹೀಗೆ ಬೇಡಿ, ಕಾಡಿ, ಆರು ಹಾಳೆ ಸೇರಿಸಿದೆವು.

ಏಳನೆಯದನ್ನು ಕೊಟ್ಟವರು ತಿಪ್ಪಮ್ಮ. ನಮ್ಮ ಶಾಲೆಯಲ್ಲಿ ಕಸ ಗುಡಿಸಿ, ನೀರು ತುಂಬಿ, ಗಂಟೆ ಹೊಡೆಯುವವರು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಈಗ ‘ಅವರು’ ಎಂದು ಬರೆಯುತ್ತಿದ್ದೇನಲ್ಲ, ಆಗ ನಾನು ಅವರನ್ನು ‘ನೀನು’ ಎನ್ನುತ್ತಿದ್ದೆ. ಒಂದು ಬೆಳಿಗ್ಗೆ ಅವರು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ದೊಡ್ಡ ಎಕ್ಸರೆ ತಂದು ಮೇಜಿನ ಮೇಲಿಟ್ಟರು. ಗಾರೆ ಕೆಲಸ ಮಾಡುತ್ತಿದ್ದ ಅವರ ಗಂಡ ಹನುಮಂತಪ್ಪ ಎದೆಯ ಕಾಯಿಲೆಯಿಂದ ತೀರಿಕೊಂಡು ಆಗ ಐದಾರು ವರ್ಷವಾಗಿತ್ತು. ಇದು ಅವರ ಎದೆಯ ಎಕ್ಸರೆ.

“ಗ್ರಾಣ ನೋಡಾಕೆ ಅಲ್ಲೇನ್ರಿ ಮೇಷ್ಟ್ರೆ?” ಎಂದರು.

“ಹೂನಮ್ಮ, ನೋಡಾಕೆ” ಎಂದೆ.

“ನೋಡಾಕಾದ್ರೆ ತಗೊಳ್ರಿ” ಎಂದು, ಸೀರೆಯ ತುಂಡನ್ನು ಮಾತ್ರ ಮಡಿಸಿಕೊಂಡು ಹೋದರು. ನಮ್ಮ ನಡುವೆ ನಡೆದ ಮಾತುಕತೆ ಇಷ್ಟೇ. ಅವರ ‘ನೋಡಾಕೆ’ಯ ಅರ್ಥ ಬೇರೆ, ನನ್ನ ‘ನೋಡಾಕೆ’ಯ ಅರ್ಥ ಬೇರೆ ಎಂದು ನನಗೆ ಹೊಳೆಯಲಿಲ್ಲ. ಅವರು ಬೆನ್ನು ತಿರುಗಿಸಿದ ಕೂಡಲೇ ನಾನು ಕತ್ತರಿ ಹುಡುಕಿದೆ.

ಎಕ್ಸರೆಯಲ್ಲಿ ಎಲುಬು ಬೆಳ್ಳಗೆ, ಶ್ವಾಸಕೋಶ ಕಪ್ಪಗೆ ಕಾಣುತ್ತದೆ. ನಮಗೆ ಬೇಕಾದದ್ದು ಕಪ್ಪು. ಹನುಮಂತಪ್ಪನವರ ಶ್ವಾಸಕೋಶದಿಂದ ಹನ್ನೊಂದು ಚೌಕ ಹೊರಟವು. ಎಲುಬನ್ನೆಲ್ಲ ಮೇಜಿನ ಕೆಳಗಿನ ಕಸದ ಪೆಟ್ಟಿಗೆಗೆ ಹಾಕಿದೆ. ಚೌಕಗಳಿಗೆ ಚೌಕಟ್ಟು ಬೇಕಿತ್ತು. ರುದ್ರಪ್ಪ ತಮ್ಮ ತಂಗಿಯ ಮದುವೆಗೆ ಅಚ್ಚು ಹಾಕಿಸಿ ಮಿಕ್ಕಿದ್ದ ಗುಲಾಬಿ ಬಣ್ಣದ ಲಗ್ನಪತ್ರಿಕೆಗಳನ್ನು ತಂದರು. ಅವು ಈ ಹನ್ನೊಂದಕ್ಕೇ ಸರಿಹೋದವು, ಉಳಿದ ಎಕ್ಸರೆಗಳಿಗೆ ಬೇರೆ ರಟ್ಟು ಹುಡುಕಿದೆವು. ಹೀಗೆ ಮೇಲೆ ಗಣಪತಿ, ಕೆಳಗೆ ವಧೂವರರ ಹೆಸರು, ನಡುವೆ ಹನುಮಂತಪ್ಪ.

ಚನ್ನಗಿರಿ ರುದ್ರಪ್ಪನವರ ಊರು. ಅಲ್ಲಿ ಭಾಷಣ ಮಾಡಿ ಗುಲಾಬಿ ಕಾರ್ಡು ನಾಲ್ಕು ಕೊಟ್ಟೆವು. ನ್ಯಾಮತಿಯಲ್ಲಿ ಒಂದು ಹೋಟೆಲಿನವರಿಗೆ ಮೂರು. ಜಗಳೂರು ಬೇರೆ ಜಿಲ್ಲೆಯಾದರೂ ನನ್ನ ಮಾವನವರ ಊರು. ಅವರ ಬಟ್ಟೆ ಅಂಗಡಿಯ ಮುಂದೆಯೇ ಸಭೆ ಸೇರಿಸಿ, ಮೂರನೆಯ ಹೋಳಿಗೆಯ ಲೆಕ್ಕ ತೀರಿಸುವಂತೆ ಒಂದೂವರೆ ಗಂಟೆ ಮಾತಾಡಿ, ಮೂರು ಕಾರ್ಡು ಮಾವನವರ ಕೈಯಲ್ಲಿಟ್ಟೆ. ಹನ್ನೊಂದನೆಯ ಚೌಕ ಸ್ವಲ್ಪ ಮಬ್ಬಾಗಿತ್ತು, ಯಾರಿಗೂ ಕೊಡುವ ಹಾಗಿರಲಿಲ್ಲ. ನನಗೇ ಇರಲಿ ಎಂದು ಇಟ್ಟುಕೊಂಡೆ. ಆ ತ್ಯಾಗವನ್ನು ಮೂರೂ ಊರಿನ ಭಾಷಣದಲ್ಲಿ ಹೇಳಿದೆ.

ಗ್ರಹಣದ ದಿನ ಶನಿವಾರ. ಮಧ್ಯಾಹ್ನ ಎರಡು ಗಂಟೆಗೆ ಹೊನ್ನಾಳಿಯ ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಶಾಲೆಯ ಬಯಲಿನಲ್ಲಿ ಹಾಸಿದ್ದ ಆರು ಜಮಖಾನೆಗಳ ಮೇಲೆ ರುದ್ರಪ್ಪ ಮತ್ತು ನಾನು ಇಬ್ಬರೇ. ಸ್ವಲ್ಪ ಹೊತ್ತಿಗೆ ಅವರ ಮನೆಯಿಂದ ಕರೆ ಬಂತು, “ಈಗ ಬಂದೆ” ಎಂದು ಹೋದವರು ಸೋಮವಾರ ಸಿಕ್ಕರು. ನಾನೊಬ್ಬನೇ ಸಮಿತಿಯ ಮಾನ ಉಳಿಸಲು ಬಲಗಣ್ಣಿಗೆ ಕಾರ್ಡು ಹಿಡಿದು ನೋಡಿಯೇ ನೋಡಿದೆ. ಸೂರ್ಯ ಸಣ್ಣಗಾಗುತ್ತ ಹೋದ, ಹೊತ್ತಲ್ಲದ ಹೊತ್ತಿನಲ್ಲಿ ತಣ್ಣನೆಯ ಗಾಳಿ ಬಂತು, ಹಕ್ಕಿಗಳು ಗೂಡಿಗೆ ಹೊರಟವು. ನನಗೂ ಸ್ವಲ್ಪ ಹೆದರಿಕೆಯಾಯಿತು. ಮನೆಗೆ ಬಂದಾಗ ಹೆಂಡತಿ ಗಿರಿಜಾ ಬಾಗಿಲಲ್ಲೇ ತಡೆದು, “ಒಳಗೆ ಬರ್ಬ್ಯಾಡ್ರಿ, ಉಟ್ಟ ಬಟ್ಟಿ ಮ್ಯಾಲೆ ಅಲ್ಲೇ ನಿಂತ್ಕಳ್ರಿ” ಎಂದು ತಲೆಯ ಮೇಲೆ ಎರಡು ಕೊಡ ನೀರು ಸುರಿದಳು. ನಿರ್ಭಯತೆಯ ಬಗ್ಗೆ ಮೂರು ಊರಲ್ಲಿ ಮಾತಾಡಿದವನು ತುಟಿಪಿಟಕ್ಕೆನ್ನದೆ ನಿಂತಿದ್ದೆ.

ಸೋಮವಾರ, ಅಲ್ಲಿಯವರೆಗೆ ಸಮಿತಿಯ ಕೆಲಸಕ್ಕೆಂದು ಬೀಗ ಹಾಕಿಟ್ಟಿದ್ದ ವಿಜ್ಞಾನದ ಕೋಣೆ ತೆಗೆದು, “ತಿಪ್ಪಮ್ಮ, ಆ ಕಸದ ಪೆಟ್ಟಿಗೆ ಖಾಲಿ ಮಾಡಿಬಿಡು” ಎಂದೆ. ಪೆಟ್ಟಿಗೆಯನ್ನು ಎತ್ತಿಕೊಂಡವರು ಅದನ್ನು ಮತ್ತೆ ಕೆಳಗಿಟ್ಟರು. ಕೈಹಾಕಿ ಒಂದು ತುಂಡು ತೆಗೆದು ಕಿಟಕಿಗೆ ಹಿಡಿದರು. ಅದು ಹೆಗಲಿನ ಎಲುಬು. ನಡುವೆ ಒಂದು ಗಂಟು.

“ಇದು ನಮ್ಮನಿಯವ್ರದು” ಎಂದರು. “ಸಾರುವೆ ಮ್ಯಾಲಿಂದ ಬಿದ್ದಾಗ ಮುರ್ದಿತ್ತು. ಕೂಡ್ದಾಗ ಹಿಂಗೆ ಗಂಟು ಬಂತು.”

ಅವರಿಗೆ ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು, ನಾನೂ ಎರಡು ಮಾತಾಡಿ ಪಾರಾಗುತ್ತಿದ್ದೆ. ಅವರು ಮೆಲ್ಲಗೆ, “ನೋಡಾಕೆ ಅಂದಿದ್ರಲ್ರಿ ಮೇಷ್ಟ್ರೆ. ನೋಡಿ ಕೊಡ್ತೀರಂತ ಮಾಡಿದ್ದೆ” ಎಂದರು. ಆಮೇಲೆ, “ಅವ್ರಿಗೆ ಫೋಟೋ ಅಂದ್ರೆ ಭಾಳ ನಾಚ್ಕಿ ರೀ. ಮದುವ್ಯಾಗೂ ನಿಲ್ಲಲಿಲ್ಲ. ಆಸ್ಪತ್ರ್ಯಾಗೆ ಉಸಿರು ಹಿಡಿ ಅಂದ್ರಂತೆ, ಹಿಡ್ಕಂಡು ನಿಂತ್ರಂತೆ. ಅವ್ರದು ಅಂತ ಇರಾದು ಅದೊಂದೇ ಫೋಟೋ” ಎಂದರು. ಪೆಟ್ಟಿಗೆಯಲ್ಲಿದ್ದ ಎಲ್ಲ ಎಕ್ಸರೆಗಳ ತುಂಡುಗಳ ನಡುವೆ ಗಂಡನವನ್ನು ಮಾತ್ರ ಒಂದೊಂದಾಗಿ ಆರಿಸಿ ಸೆರಗಿನಲ್ಲಿ ಹಾಕಿಕೊಂಡರು. ಬಸಣ್ಣನ ಮಂಡಿಚಿಪ್ಪನ್ನು ಹಾಗೇ ಬಿಟ್ಟರು. ಗಂಟೆ ಹೊಡೆಯುವ ಹೊತ್ತಾಗಿತ್ತು. ಅಂದು ನಾನೇ ಹೋಗಿ ಹೊಡೆದೆ.

ಅಂದೇ ರಜೆ ಬರೆದುಕೊಟ್ಟು ಹೊರಟೆ. ಗುಲಾಬಿ ಕಾರ್ಡಾದ್ದರಿಂದ ಗುರುತು ಹಿಡಿಯುವುದು ಕಷ್ಟವಿರಲಿಲ್ಲ, ಕಾರಣ ಹೇಳುವುದು ಕಷ್ಟವಿತ್ತು. ಜಗಳೂರಿನಲ್ಲಿ ಮಾವನವರು ಕಟ್ಟು ಬಿಚ್ಚಿಯೇ ಇರಲಿಲ್ಲ. “ಯಾರೂ ಹೊರಗ ಬರ್ಲಿಲ್ಲ ಅಳಿಯಂದ್ರೆ, ನಾನೂ ಬರ್ಲಿಲ್ಲ, ತಪ್ಪು ತಿಳಿಬ್ಯಾಡ್ರಿ” ಎಂದರು. ಒಂದೂವರೆ ಗಂಟೆಯ ಭಾಷಣ ಹೀಗೆ ಪೂರ್ತಿ ವ್ಯರ್ಥವಾದದ್ದಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ. ನ್ಯಾಮತಿಯ ಹೋಟೆಲಿನವರು, “ಒಂದ್ಸಲ ಇಣುಕಿದ್ವಿ, ಕಣ್ಣು ಚುರ್ ಅಂತು, ಇಟ್ಬಿಟ್ವಿ. ಕೊಟ್ಟಿದ್ದು ವಾಪಸ್ ಕೇಳಾದು ಯಾವ ಕಾನೂನ್ರಿ?” ಎಂದರು. “ಮೇಲಿನಿಂದ ಆರ್ಡರ್ ಬಂದಿದೆ” ಎಂದೆ. ನಿಜ ಹೇಳಲು ಬಾಯಿ ಬರಲಿಲ್ಲ. ಚನ್ನಗಿರಿಯಲ್ಲಿ ರುದ್ರಪ್ಪನವರ ಸೋದರತ್ತೆ ನಾಲ್ಕು ಕಾರ್ಡನ್ನೂ, ಗಣಪತಿ ಇದ್ದಾನೆಂದು, ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದ್ದರು. ಹನುಮಂತಪ್ಪನವರಿಗೆ ಮೂರು ದಿನ ಆರತಿಯೂ ಆಗಿತ್ತು.

ಹತ್ತು ಸಿಕ್ಕವು. ಹನ್ನೊಂದನೆಯದು ನನ್ನದು, ಎಲ್ಲಿಟ್ಟೆನೋ ನೆನಪಿರಲಿಲ್ಲ. ಮನೆಯೆಲ್ಲ ಜಾಲಾಡಿ, ರುದ್ರಪ್ಪನವರ ಮೇಲೂ ಸಂಶಯಪಟ್ಟೆ. ಕೊನೆಗೆ ಗಿರಿಜಾ ನೆನಪು ಮಾಡಿಕೊಂಡಳು. “ಗ್ರಾಣದ ದಿನದ ಅಂಗಿ ಜೇಬಿನಾಗೆ ಏನೋ ಇತ್ತು ರೀ. ಸೋಡಾ ಹಾಕಿದ ಬಿಸಿನೀರಾಗೆ ನೆನೆದು ರಟ್ಟು ಕರಗಿಹೋತು. ಒಳಗಿನ ಪ್ಲಾಸ್ಟಿಕ್ಕಿಗೆ ಕರೀ ಕೊಳೆ ಹತ್ತಿತ್ತು. ನಾರು ಹಾಕಿ ಉಜ್ಜಿ ಉಜ್ಜಿ ತೊಳೆದಿಟ್ಟೀನಿ” ಎಂದು, ಗಾಜಿನಂತೆ ತಿಳಿಯಾದ ಒಂದು ಚೌಕವನ್ನು ಹೆಮ್ಮೆಯಿಂದ ಕೈಗಿಟ್ಟಳು. ಅವಳು ಅಷ್ಟು ಶ್ರದ್ಧೆಯಿಂದ ನನ್ನ ಅಂಗಿಯ ಕಾಲರನ್ನೂ ಎಂದೂ ತೊಳೆದವಳಲ್ಲ.

ಈ ಓಡಾಟದಲ್ಲಿ ನನ್ನ ಬಲಗಣ್ಣಿನ ಮುಂದೆ ಒಂದು ಮಬ್ಬು ನಿಂತದ್ದನ್ನು ಧೂಳೆಂದುಕೊಂಡಿದ್ದೆ. ವಾರವಾದರೂ ಹೋಗದಾಗ ಶಿವಮೊಗ್ಗದ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ದೀಪ ಹಿಡಿದು ನೋಡಿ, “ಗ್ರಹಣ ನೋಡಿದ್ರಾ? ಏನಿಟ್ಕೊಂಡು?” ಎಂದರು.

“ಎಕ್ಸರೆ ಹಾಳೆ, ಸಾರ್.”

“ಅದರಲ್ಲಿ ನೋಡಬಾರದು ಕಣ್ರೀ! ಕಪ್ಪಗೆ ಕಂಡ್ರೆ ಸಾಕೇ? ಸುಡೋ ಕಿರಣ ಅದರೊಳಗಿಂದ ಬರುತ್ತೆ. ರಟ್ಟಿನ ತೂತಿನಿಂದ ಬಿಂಬ ಬೀಳಿಸಿ ನೋಡಿದ್ರೆ ಏನಾಗ್ತಿತ್ತು? ಯಾರು ಹೇಳಿದ್ದು ನಿಮಗೆ ಇದನ್ನ?”

“ನಮ್ಮೂರಲ್ಲಿ ಒಬ್ಬ ವಿಜ್ಞಾನದ ಮೇಷ್ಟ್ರು, ಸಾರ್.”

“ಅಂಥವರನ್ನ ಮೊದಲು ಕೆಲಸದಿಂದ ತೆಗೀಬೇಕು” ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಬಸ್ಸಿನಲ್ಲಿ ಬರುವಾಗ ಹೋಟೆಲಿನವರ ಕಣ್ಣು ಚುರ್ ಎಂದದ್ದು ನೆನಪಾಗಿ ನ್ಯಾಮತಿಯಲ್ಲೇ ಇಳಿದು, ನಿಜ ಹೇಳಿ, ಅವರ ಕಣ್ಣು ವಿಚಾರಿಸಿದೆ. ಅವರಿಗೆ ಏನೂ ಆಗಿರಲಿಲ್ಲ. ಉಳಿದ ಕಾರ್ಡು ಹಂಚಿದ್ದ ಮನೆಗಳಿಗೂ ಹೋಗಿ ಕೇಳಿಬಂದೆ. ನನ್ನ ಭಾಷಣಕ್ಕಿಂತ ಜನರ ಹೆದರಿಕೆಯೇ ಅವರನ್ನು ಕಾಪಾಡಿತ್ತು.

ಆ ಭಾನುವಾರ ಮೊದಲ ಸಲ ತಿಪ್ಪಮ್ಮನವರ ಮನೆಗೆ ಹೋದೆ. ಮೊದಲ ಸಲ ‘ನೀವು’ ಎಂದೆ. ಅವರು ಗಾಬರಿಯಿಂದ ಹಿಂದೆ ತಿರುಗಿ, ಇನ್ಯಾರು ಬಂದರೆಂದು ನೋಡಿದರು. ಹೆಂಚಿನ ಮನೆ, ಸಂದಿನಿಂದ ನೆಲದ ಮೇಲೆ ಬಿಸಿಲಿನ ಚುಕ್ಕೆಗಳು ಬಿದ್ದಿದ್ದವು. “ಅವತ್ತು ಇವೆಲ್ಲ ಕುಡುಗೋಲಿನಂಗೆ ಆಗಿದ್ವು ರೀ, ಮನಿ ತುಂಬ ಕುಡುಗೋಲು! ಇಲ್ಲೇ ಕುಂತು ಕೊನೀತನ ನೋಡ್ದೆ” ಎಂದರು. ನಾನು ಕೈಬಿಟ್ಟ ರಟ್ಟಿನ ತೂತಿನ ಕೆಲಸವನ್ನು ಹೆಂಚಿನ ಸಂದುಗಳೇ ಮಾಡಿದ್ದವು. ಊರಿನಲ್ಲಿ ಗ್ರಹಣವನ್ನು ಪೂರ್ತಿಯಾಗಿ, ಕ್ಷೇಮವಾಗಿ ನೋಡಿದವರು ಅವರೊಬ್ಬರೇ ಇರಬೇಕು.

ಎಲುಬುಗಳನ್ನು ಅವರು ಆಗಲೇ ಒಂದು ರಟ್ಟಿನ ಮೇಲೆ ಗಂಜಿಯಿಂದ ಅಂಟಿಸಿದ್ದರು. ನಾನು ಚೌಕಗಳನ್ನು ಜೋಡಿಸಲು ಹೋದೆ. ಹನ್ನೆರಡು ವರ್ಷ ಅಸ್ಥಿಪಂಜರದ ಪಾಠ ಮಾಡಿದವನು ಎಡ ಬಲ ತಪ್ಪಿದೆ. “ಅದು ಈ ಕಡೆದು ರೀ” ಎಂದು ಅವರು ನನ್ನ ಕೈಯಿಂದ ತೆಗೆದುಕೊಂಡು, ತಡವರಿಸದೆ ಹತ್ತನ್ನೂ ಇಟ್ಟರು. ಕುಂಕುಮವನ್ನು ಒರೆಸಲಿಲ್ಲ. ಒಂದು ಜಾಗ ಉಳಿಯಿತು. ನಾನು ತಿಳಿಯಾದ ಚೌಕವನ್ನು ತೆಗೆದು, ಸೋಡಾ, ಬಿಸಿನೀರು, ನಾರು ಎಂದು ಎಲ್ಲವನ್ನೂ ತಲೆ ತಗ್ಗಿಸಿ ಹೇಳಿದೆ.

ಅವರು ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಇದೇ ಜಾಗದಾಗೆ ಮಬ್ಬು ಐತೆ ಅಂತ ಡಾಕ್ಟ್ರು ಬೆಟ್ಟಿಟ್ಟು ತೋರ್ಸಿದ್ರು ರೀ ಮೇಷ್ಟ್ರೆ. ಎಷ್ಟು ಔಷಧಿ ಕೊಟ್ರೂ ಹೋಗ್ಲಿಲ್ಲ. ಈಗ ನೋಡ್ರಿ, ಹೆಂಗೆ ಹೋಗೇತೆ” ಎಂದರು. ಚೌಕವನ್ನು ಉಳಿದ ಜಾಗದಲ್ಲಿ ಕೂರಿಸಿ, “ಆವಾಗ್ಲೇ ನಿಮ್ಮನಿ ಅಮ್ಮಾರ ಕೈಗೆ ಕೊಡ್ಬೇಕಿತ್ತು” ಎಂದು ನಕ್ಕರು. ನಗುತ್ತಲೇ ಸೆರಗಿನಿಂದ ಮುಖ ಒರೆಸಿಕೊಂಡರು.

ಆ ಮಬ್ಬು ಎಲ್ಲಿಗೆ ಹೋಯಿತೆಂದು ನಾನು ಅವರಿಗೆ ಹೇಳಲಿಲ್ಲ. ಅದು ನನ್ನ ಬಲಗಣ್ಣಿನಲ್ಲಿ ಇಂದಿಗೂ ಇದೆ. ಎಡಗಣ್ಣು ಮುಚ್ಚಿ ಯಾರನ್ನಾದರೂ ನೋಡಿದರೆ, ನೆಟ್ಟಗೆ ಅವರ ಮುಖದ ಜಾಗದಲ್ಲೇ ಕಾಣುತ್ತದೆ. ಶಾಲೆಯ ಜಗುಲಿಯಲ್ಲಿ ತಿಪ್ಪಮ್ಮ ಎದುರಾದಾಗಲೆಲ್ಲ ನಾನು ನಾಚಿ ಎಡಗಣ್ಣು ಮುಚ್ಚಿಕೊಳ್ಳುತ್ತೇನೆ. “ಕಣ್ಣಾಗೆ ಏನಾರ ಬಿತ್ತೇನ್ರಿ ಮೇಷ್ಟ್ರೆ? ಬರ್ರಿ, ನೋಡ್ತೀನಿ” ಎನ್ನುತ್ತಾರೆ ಅವರು. ನಾನು ನೋಡಲು ಕೊಡುವುದಿಲ್ಲ.