ಹದಿನಾರು ತುಂಬದವರ ದುಃಖ

ನಮ್ಮ ಪ್ರೌಢಶಾಲೆಯಲ್ಲಿ ಮನಸ್ಸು ಕೆಡಿಸಿಕೊಳ್ಳಲಿಚ್ಛಿಸುವ ವಿದ್ಯಾರ್ಥಿಗಳು ಹದಿನಾಲ್ಕು ತಿಂಗಳು ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ಐದು ಶಾಲೆಗಳಿಗೆ ಒಬ್ಬರೇ ಮನಶ್ಶಾಸ್ತ್ರಜ್ಞೆ ಇರುವುದರಿಂದ ಈ ವ್ಯವಸ್ಥೆ ಎಲ್ಲರಿಗೂ ಅನುಕೂಲವಾಗಿದೆ. ಹಾಜರಿ ಗುಮಾಸ್ತೆಯಾದ ನಾನು ಇಪ್ಪತ್ತೆರಡು ವರ್ಷಗಳಿಂದ ಈ ಅರ್ಜಿಗಳಿಗೆ ಮೊಹರು ಒತ್ತುತ್ತಿದ್ದೇನೆ. ನಿಗದಿತ ದಿನಾಂಕಕ್ಕೆ ಮುಂಚೆಯೇ ಗುಣವಾಗಿ ಶಾಲೆಗೆ ಮುಜುಗರ ತಂದವರು ಒಬ್ಬರೂ ಇಲ್ಲ.

ಕಪೂಸಿನ್ ದೆಲಾತ್ರ್, ವಯಸ್ಸು ಹದಿನೈದು, ಸೆಪ್ಟೆಂಬರಿನಲ್ಲಿ ಅರ್ಜಿ ಕೊಟ್ಟಳು. ಅವಳ ಅಪ್ಪ ಮೀನಿನ ದೋಣಿ ಮಾರಿ ಬೇರೊಬ್ಬಳ ಜೊತೆ ಮಾರ್ಸೇಯ್‌ಗೆ ಹೊರಟುಹೋಗಿದ್ದ. ಅಂದಿನಿಂದ ಮನೆಯಲ್ಲಿ ಅಮ್ಮ ಮಾತಾಡುವುದಿಲ್ಲ, ಇವಳು ಊಟ ಮಾಡುವುದಿಲ್ಲ. ಮಧ್ಯಾಹ್ನ ಕ್ಯಾಂಟೀನಿಗೆ ಹೋಗದೆ ನನ್ನ ಕಿಟಕಿಯ ಪಕ್ಕ ಬಂದು ಕೂರುವಳು. ಅವಳ ಮಣಿಕಟ್ಟು ಕಡ್ಡಿಯಂತಾಗಿತ್ತು. ಆದರೂ ಸರದಿ ಸರದಿಯೇ. ಮುಂದಿನ ವರ್ಷದ ನವೆಂಬರ್ ಹತ್ತು ಎಂದು ಬರೆದುಕೊಟ್ಟೆ.

ಜನವರಿಯಲ್ಲಿ ಪ್ಯಾರಿಸ್ಸಿನಿಂದ ಸಿನಿಮಾದವರು ಬಂದರು. ನೊಂದ ಹದಿಹರೆಯದ ಬಗ್ಗೆ ಚಿತ್ರವಂತೆ. ನಿರ್ದೇಶಕ ಲಾಂಗ್ಲೆ ಕಪೂಸಿನ್‌ಳ ಮುಖ ನೋಡಿದ್ದೇ ತಡ, "ಅಬ್ಬಾ! ಈ ಸಂಕಟ ಎಲ್ಲಿ ಕಲಿತೆ ಪುಟ್ಟಿ?" ಎಂದ.

"ಮನೇಲಿ," ಅಂದಳು.

ಆತ ಅದನ್ನು ಸಂಭಾಷಣೆಗೆಂದು ಬರೆದುಕೊಂಡು, ಪಾತ್ರವನ್ನೂ ಅವಳಿಗೇ ಕೊಟ್ಟ.

ಹದಿನಾರು ತುಂಬದವರು ನಟಿಸಬೇಕಾದರೆ ಮನಸ್ಸು ಗಟ್ಟಿಯಾಗಿದೆ ಎಂಬ ಪ್ರಮಾಣಪತ್ರ ಬೇಕು. ಅದಕ್ಕಾಗಿ ನಮ್ಮ ಅದೇ ಮನಶ್ಶಾಸ್ತ್ರಜ್ಞೆ, ಮೇಡಂ ಫ್ಲಾಮಾಂ, ಮೂರನೇ ದಿನವೇ ಓಡಿ ಬಂದರು. ಬೇರೆ ಕೊಠಡಿ ಖಾಲಿ ಇರಲಿಲ್ಲವಾದ್ದರಿಂದ ತಪಾಸಣೆ ನನ್ನ ಮೇಜಿನ ಎದುರೇ ನಡೆಯಿತು.

ಕಪೂಸಿನ್ ಎಲ್ಲವನ್ನೂ ಹೇಳಿಕೊಂಡು ಅತ್ತಳು. ಮೇಡಂ ಕಣ್ಣೊರೆಸಿಕೊಂಡರು. "ತುಂಬಾ ಚೆನ್ನಾಗಿತ್ತು. ಇದು ಎಷ್ಟನೇ ದೃಶ್ಯ?"

"ದೃಶ್ಯ ಅಲ್ಲ ಮೇಡಂ. ನಮ್ಮನೆ ವಿಷ್ಯ."

ಮೇಡಂ ಪೆನ್ನು ಕೆಳಗಿಟ್ಟರು. "ಅಯ್ಯೋ ಮಗೂ, ನಿಜ ಆದ್ರೆ ನಿನ್ನ ಅನರ್ಹೆ ಅಂತ ಬರೀಬೇಕಾಗತ್ತೆ. ಮತ್ತೆ ನವೆಂಬರ್‌ಗೇ ಕಾಯ್ಬೇಕು ನೀನು. ದೃಶ್ಯ ಆದ್ರೆ ಶೂಟಿಂಗ್ ಮುಗಿಯೋವರೆಗೂ ದಿನಾ ಒಂದು ಗಂಟೆ ನಿನ್ ಜೊತೆ ಕೂತು ಮಾತಾಡ್ತೀನಿ. ನಿಯಮ ಹಾಗಿದೆ."

ಹುಡುಗಿ ನನ್ನ ಕಡೆ ನೋಡಿದಳು. ನಾನು ಮೊಹರಿನ ಕಡೆ ನೋಡಿದೆ.

"ಹನ್ನೆರಡನೇ ದೃಶ್ಯ ಮೇಡಂ," ಅಂದಳು.

ಇಪ್ಪತ್ತಾರು ದಿನ ಅವಳು ಮಾತಾಡಿದಳು, ಮೇಡಂ ಕೇಳಿದರು. ಎಂಟನೇ ದಿನ ಕ್ಯಾಂಟೀನಿನಲ್ಲಿ ಒಂದು ತಟ್ಟೆ ಆಲೂಗಡ್ಡೆ ಪೂರ್ತಿ ಮುಗಿಸಿದಳು. ನನಗೆ ಖುಷಿಗೆ ಅಳು ಬಂತು. ನಿರ್ದೇಶಕ ಮಾತ್ರ ಗಾಬರಿಬಿದ್ದು, "ಕೆನ್ನೆ ತುಂಬ್ತಾ ಇದೆ ಕಣ್ರೀ, ಇನ್ನೂ ಅಳೋ ಸೀನ್ ಬಾಕಿ ಇದೆ!" ಎಂದು ಲಿಖಿತ ದೂರು ಕೊಟ್ಟ. ಇಪ್ಪತ್ತಾರನೇ ದಿನ ಶೂಟಿಂಗ್ ಮುಗಿಯಿತು. ಹುಡುಗಿಯ ಮಾತು ಅರ್ಧದಲ್ಲಿತ್ತು; ಮೇಡಂ ಎದ್ದು ಹೋದರು.

ಅಕ್ಟೋಬರಿನಲ್ಲಿ ಚಿತ್ರ ಬಂತು, ಊರೆಲ್ಲ ಅತ್ತಿತು. ನವೆಂಬರ್ ಹತ್ತರಂದು ಕಪೂಸಿನ್‌ಗೆ ಪತ್ರ ಬಂತು: "ಸದರಿ ಚಿತ್ರದ ಅಂತಿಮ ದೃಶ್ಯದಲ್ಲಿ ತಾವು ನಗುತ್ತಿರುವುದು ಕಂಡುಬಂದಿರುವುದರಿಂದ ತಮ್ಮ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ."

ಶಾಲೆ ಇದರಿಂದ ಪಾಠ ಕಲಿತಿದೆ. ಸರದಿಯಲ್ಲಿದ್ದ, ಹದಿನಾರು ತುಂಬದ ಎಪ್ಪತ್ತೊಂದು ಮಕ್ಕಳೂ ಈಗ ಶಾಲೆಯ ಸ್ವಂತ ಚಿತ್ರದಲ್ಲಿ ನಟಿಸುತ್ತಿದ್ದಾರೆ. ಮೇಡಂ ದಿನಾ ಬರುತ್ತಾರೆ. ಕ್ಯಾಮರಾದಲ್ಲಿ ಬ್ಯಾಟರಿ ಇಲ್ಲವೆಂಬುದು ಪ್ರಾಂಶುಪಾಲರಿಗೂ ಗೊತ್ತು, ತಪಾಸಣೆಗೆ ಬಂದ ಅಧಿಕಾರಿಗೂ ಗೊತ್ತು. ಅಧಿಕಾರಿ ತಮ್ಮ ಮಗಳಿಗೊಂದು ಪಾತ್ರ ಕೇಳಿದ್ದಾರೆ.

ಕಪೂಸಿನ್‌ಗೆ ಪಾತ್ರವಿಲ್ಲ. ಅವಳಿಗೆ ಹದಿನಾರು ತುಂಬಿತು. ಪ್ರಮಾಣಪತ್ರ ಬೇಕಿಲ್ಲ, ಹಾಗಾಗಿ ಮೇಡಂ ಕೂಡ ಇಲ್ಲ. ಅವಳು ಕ್ಲ್ಯಾಪ್ ಹಲಗೆ ಹಿಡಿಯುತ್ತಾಳೆ. ನಿನ್ನೆ ಚಿಕ್ಕ ಹುಡುಗಿಯೊಬ್ಬಳು, "ಏನ್ ಹೇಳ್ಬೇಕು ಅಕ್ಕಾ?" ಎಂದು ಕೇಳಿದಳು.

"ನಿಜ ಹೇಳು. ದೃಶ್ಯದ ನಂಬರ್ ಮಾತ್ರ ಮರೀಬೇಡ."

ಮಧ್ಯಾಹ್ನ ಕಪೂಸಿನ್ ಮತ್ತೆ ನನ್ನ ಕಿಟಕಿಯ ಪಕ್ಕ ಬಂದು ಕೂರುತ್ತಾಳೆ, ತಟ್ಟೆಯಿಲ್ಲದೆ. ಮೇಡಂ ಚಿತ್ರೀಕರಣದಲ್ಲಿ ನಿರತರಾಗಿರುವುದರಿಂದ ಸರದಿ ಈಗ ಹತ್ತೊಂಬತ್ತು ತಿಂಗಳಿಗೆ ಏರಿದೆ. ಈ ಜನವರಿಯಲ್ಲಿ ಅವಳು ಕೊಟ್ಟ ಹೊಸ ಅರ್ಜಿಗೆ ನಾನೇ ದಿನಾಂಕ ಬರೆದೆ: ಮುಂದಿನ ವರ್ಷದ ಆಗಸ್ಟ್ ಹದಿನೈದು.

"ಆಗಸ್ಟಲ್ಲಿ ಬೇಸಿಗೆ ರಜೆ, ಶಾಲೆಗೆ ಬೀಗ ಅಲ್ವಾ?"

"ಹೌದು ಕಣೇ."

"ಪರವಾಗಿಲ್ಲ ಬಿಡಿ," ಎಂದು ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡಳು. "ದಿನಾಂಕ ಅಂತ ಒಂದು ಸಿಕ್ತಲ್ಲ."

ನಾನು ಅರ್ಜಿಗೆ ಮೊಹರು ಒತ್ತಿದೆ.