ದವಡೆ ಹಲ್ಲಿಗೆ ಸಿಗ್ನಲ್ ಸಿಕ್ಕಿದ್ದು

ನನ್ನ ದವಡೆ ಹಲ್ಲು ಮುರಿದದ್ದು ನೀರುದೋಸೆ ತಿನ್ನುವಾಗ. ಚಕ್ಕುಲಿಯೋ ಕಬ್ಬೋ ಆಗಿದ್ದರೆ ನಾಲ್ಕು ಜನರೆದುರು ಹೇಳಿಕೊಳ್ಳಲು ಒಂದು ಮರ್ಯಾದೆಯಾದರೂ ಇರುತ್ತಿತ್ತು. ಕಡಬದ ದಂತವೈದ್ಯೆ ಡಾಕ್ಟರ್ ಶೈನಿ ಕೂಡ ಮೊದಲ ದಿನ ಕನ್ನಡಿ ಹಿಡಿದು ಬಾಯೊಳಗೆ ನೋಡಿ, "ನೀರುದೋಸೆಗೆ ಹಲ್ಲು ಮುರಿಯುದಾ ಮಾಷ್ಟ್ರೆ?" ಎಂದು ಕೇಳಿದರು. ಆಮೇಲೆ ಯಾಕೋ ಉಳಿದ ಹಲ್ಲುಗಳನ್ನೂ ಒಂದೊಂದಾಗಿ ನೋಡಿ ಏನನ್ನೋ ಬರೆದುಕೊಂಡರು.

ಎರಡು ಸಲ ಕೂರಿಸಿ ರೂಟ್ ಕೆನಾಲ್ ಮುಗಿಸಿದರು. "ಇನ್ನು ಇದಕ್ಕೊಂದು ಕ್ಯಾಪ್ ಹಾಕ್ಬೇಕು. ಮೂರು ತರದ್ದು ಉಂಟು. ಪೂರಾ ಲೋಹದ್ದು, ಒಳಗೆ ಲೋಹ ಹೊರಗೆ ಪಿಂಗಾಣಿ ಇರುವಂಥದ್ದು, ಮತ್ತೆ ಜಿರ್ಕೋನಿಯಾ. ನಿಮಗೆ ಜಿರ್ಕೋನಿಯಾ ಒಳ್ಳೇದು."

ಬೇರೆ ಯಾರಾದರೂ ಹೂಂ ಎಂದು ಬಾಯಿ ತೆರೆಯುತ್ತಿದ್ದರು. ನಾನು ಪಂಜದ ಹತ್ತಿರದ ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ವಿಜ್ಞಾನ ಕಲಿಸುವವನು. ಪ್ರಶ್ನೆ ಕೇಳದೆ ಒಪ್ಪುವುದು ನನ್ನ ವೃತ್ತಿಗೆ ಅವಮಾನ. ಮೇಲಾಗಿ ನನಗೊಂದು ವಿಶೇಷ ತೊಂದರೆಯಿತ್ತು.

ನನಗೆ ಮೊಬೈಲಿನ ಅಲೆಗಳು ಆಗುತ್ತಿರಲಿಲ್ಲ. ಪಕ್ಕದಲ್ಲಿ ಯಾರಾದರೂ ಫೋನು ಹಿಡಿದು ಕೂತರೆ ಹತ್ತು ನಿಮಿಷದಲ್ಲಿ ಕೆನ್ನೆಯ ಮೇಲ್ಭಾಗದಲ್ಲಿ ಸೆಳೆತ ಶುರುವಾಗಿ, ಕಿವಿಯ ಹಿಂದಿನಿಂದ ಕತ್ತಿನವರೆಗೆ ಇಳಿಯುತ್ತಿತ್ತು. ಮೂರು ವರ್ಷಗಳಿಂದ ಹೀಗೆ. ಹಾಗಾಗಿ ನಮ್ಮ ಮನೆಯಲ್ಲಿ ಕೆಲವು ಕಾನೂನುಗಳಿದ್ದವು. ನನ್ನ ಹೆಂಡತಿ ಸುನಂದಾ ಫೋನಿನಲ್ಲಿ ಮಾತಾಡಬೇಕಾದರೆ ಅಂಗಳ ದಾಟಿ ಬಟ್ಟೆ ಒಗೆಯುವ ಕಲ್ಲಿನ ಆಚೆ ಹೋಗಬೇಕು. ಈಶ್ವರಮಂಗಲದ ಅಕ್ಕನ ಜೊತೆ ಅವಳು ಜುಲೈ ತಿಂಗಳಿನಲ್ಲಿ ಕೊಡೆ ಹಿಡಿದು ಮಾತಾಡಿದ್ದಾಳೆ. ಮದುವೆಗಳಿಗೆ ನಾನು ಹೋಗುವುದನ್ನೇ ಬಿಟ್ಟಿದ್ದೆ. ಅವಳ ಅಕ್ಕನ ಮಗಳ ಮದುವೆಯಲ್ಲಿ ಮೊದಲ ಪಂಕ್ತಿಯಲ್ಲಿ ಉಂಡು, ಜೋಡಿಗೆ ಶುಭ ಹಾರೈಸದೆ ಓಡಿಬಂದಿದ್ದೆ. ವೇದಿಕೆಯ ಮುಂದೆ ನೂರು ಫೋನುಗಳು ಎದ್ದು ನಿಂತಿದ್ದವು.

ಇಂಥವನ ಬಾಯಿಯಲ್ಲಿ ಲೋಹ ಕೂರಿಸಿದರೆ ಅದು ಏರಿಯಲ್ ಆಗಲಾರದೇ? ಈ ಸಂಶಯವನ್ನು ನಾನು ಡಾಕ್ಟರಿಗೆ ಗಂಭೀರವಾಗಿ ಮಂಡಿಸಿದೆ. ಪಕ್ಕದಲ್ಲಿದ್ದ ಸಹಾಯಕಿ ಹುಡುಗಿ ಗೋಡೆಯತ್ತ ತಿರುಗಿದಳು. ಅವಳ ಹೆಗಲು ಕುಲುಕುತ್ತಿತ್ತು. ಡಾಕ್ಟರ್ ಮಾತ್ರ ನಗಲಿಲ್ಲ. ನೆಲ್ಯಾಡಿ ಕಡೆಯ ರಬ್ಬರ್ ತೋಟದ ಮನೆಯ ಹುಡುಗಿ ಅವರು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಕುರ್ಚಿ ಎಳೆದುಕೊಂಡು ಎದುರು ಕೂತು ಕೇಳಿದರು.

"ಎಲ್ಲಿ ನೋಯುದು? ಬೆಳಿಗ್ಗೆ ಎದ್ದಾಗ ಜಾಸ್ತಿಯಾ, ಸಂಜೆಯಾ? ಬಾಯಿ ಪೂರಾ ತೆರೆಯುವಾಗ ಕಿವಿ ಹತ್ರ ಶಬ್ದ ಆಗ್ತದಾ?"

ಎಲ್ಲವನ್ನೂ ಹೇಳಿದೆ. ಅವರು ಬರೆದುಕೊಂಡರು. "ಕ್ಯಾಪಿನಿಂದ ಹಾಗೆ ತೊಂದರೆ ಆಗ್ತದೆ ಅನ್ಲಿಕ್ಕೆ ಆಧಾರ ಇಲ್ಲ ಮಾಷ್ಟ್ರೆ. ಆದರೆ ನಿಮಗೆ ಲೋಹ ಬೇಡ ಅಂತಾದರೆ ಬೇಡ. ಜಿರ್ಕೋನಿಯಾದಲ್ಲಿ ಆ ಯೋಚನೆಯೇ ಇಲ್ಲ."

ಸಮಾಧಾನದಿಂದ ಮನೆಗೆ ಬಂದೆ. ಅಲ್ಲಿಗೆ ಬಿಟ್ಟಿದ್ದರೆ ಈ ಬರಹಕ್ಕೆ ಕೆಲಸವಿರಲಿಲ್ಲ. ಮರುದಿನ ಪ್ರಯೋಗಾಲಯದ ಗೋಡೆಯಲ್ಲಿ ತೂಗುವ ಮೂಲವಸ್ತುಗಳ ಪಟ್ಟಿಯನ್ನು ನೋಡಿದೆ. ನಲವತ್ತನೇ ಮನೆಯಲ್ಲಿ ಜಿರ್ಕೋನಿಯಮ್ ಎಂದಿತ್ತು. ಬಣ್ಣ ನೀಲಿ. ನೀಲಿ ಎಂದರೆ ಲೋಹ. ಆ ಪಟ್ಟಿಯನ್ನು ಅಲ್ಲಿ ತೂಗುಹಾಕಿದವನು ನಾನೇ.

ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಕಡಬದ ಬಸ್ಸು ಹತ್ತಿದೆ. ಡಾಕ್ಟರ್ ಒಬ್ಬ ರೋಗಿಯ ಹಲ್ಲು ಕೀಳುತ್ತಿದ್ದರು. ಕಾದು ಕೂತು, ಒಳಗೆ ಹೋಗಿ, "ಡಾಕ್ಟ್ರೆ, ನೀವು ನನಗೆ ಲೋಹವನ್ನೇ ಹಾಕ್ಲಿಕ್ಕೆ ಹೊರಟದ್ದು" ಎಂದು ಆರೋಪ ಹೊರಿಸಿದೆ.

ಅವರು ಕೈಗವಸು ತೆಗೆಯುತ್ತ ಕೇಳಿದರು. "ಮಾಷ್ಟ್ರೆ, ಬೆಳಿಗ್ಗೆ ಗಂಜಿ ಉಣ್ತೀರಾ?"

"ಉಣ್ತೇನೆ."

"ಉಪ್ಪು ಹಾಕಿ?"

"ಹಾಕದೆ ಹೇಗೆ?"

"ಉಪ್ಪಿನಲ್ಲಿ ಸೋಡಿಯಂ ಉಂಟಲ್ಲ. ಅದು ಲೋಹ ಅಲ್ವಾ?"

ವಿಜ್ಞಾನದ ಮೇಷ್ಟ್ರಿಗೆ ಹಲ್ಲಿನ ಡಾಕ್ಟರ್ ಸಂಯುಕ್ತವಸ್ತುವಿನ ಪಾಠ ಮಾಡಿದರು. ಅದೂ ಒಂದೇ ತುತ್ತು ಗಂಜಿಯಲ್ಲಿ. ಬೇರೊಂದರ ಜೊತೆ ಕೂಡಿದ ಲೋಹ ಲೋಹವಾಗಿ ಉಳಿಯುವುದಿಲ್ಲ ಎಂದು ನಾನು ಮಕ್ಕಳಿಗೆ ಎರಡು ಪಿರಿಯಡ್ ತೆಗೆದುಕೊಂಡು ಹೇಳುವ ವಿಷಯ ಅದು. ಸೋತದ್ದಕ್ಕಿಂತ ಹೆಚ್ಚಾಗಿ ಆ ಉದಾಹರಣೆ ನನಗೆ ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಅಳತೆ ತೆಗೆಯುವ ದಿನ ಸುನಂದಾಳನ್ನೂ ಕರೆದುಕೊಂಡು ಹೋದೆ. ನನ್ನದೊಂದು ಷರತ್ತಿತ್ತು. ನಾನು ಕುರ್ಚಿಯಲ್ಲಿರುವಷ್ಟು ಹೊತ್ತು ಕ್ಲಿನಿಕ್ಕಿನಲ್ಲಿ ಯಾವ ಫೋನೂ ಚಾಲೂ ಇರಬಾರದು. ಡಾಕ್ಟರ್ ಅದಕ್ಕೂ ಒಪ್ಪಿ ಮೊದಲು ತಮ್ಮದನ್ನು ಆರಿಸಿದರು. ಸಹಾಯಕಿ ಇಂಟರ್ನೆಟ್ಟಿನ ಪೆಟ್ಟಿಗೆಯ ವಯರು ಕಿತ್ತಳು. ಹೊರಗೆ ಕಾಯುತ್ತಿದ್ದವರ ಫೋನುಗಳನ್ನು ಸುನಂದಾ ನಾಚಿಕೆಯಿಂದ ಕೇಳಿ ಕೇಳಿ ಆಫ್ ಮಾಡಿಸಿದಳು. ಕೆನ್ನೆ ಊದಿಸಿಕೊಂಡು ಕೂತಿದ್ದ ಹಿರಿಯರೊಬ್ಬರು, "ಎಂತ ಮಾರಾಯ್ರೆ, ಇಲ್ಲಿ ಪರೀಕ್ಷೆ ಉಂಟಾ?" ಎಂದು ಕೇಳಿದ್ದು ಒಳಗಿದ್ದ ನನಗೂ ಕೇಳಿಸಿತು.

ನನ್ನ ಫೋನನ್ನು ಆರಿಸುವ ಅಗತ್ಯ ನನಗೆ ಕಂಡಿರಲಿಲ್ಲ. ಅದನ್ನು ಸ್ಟೀಲಿನ ಬುತ್ತಿ ಡಬ್ಬಿಯಲ್ಲಿ ಹಾಕಿ, ಚೀಲದಲ್ಲಿಟ್ಟು, ನನ್ನ ಕುರ್ಚಿಯ ಪಕ್ಕದಲ್ಲೇ ಇರಿಸಿಕೊಂಡಿದ್ದೆ. ಲೋಹದ ಡಬ್ಬಿಯೊಳಗೆ ಅಲೆಗಳು ನುಗ್ಗುವುದಿಲ್ಲ ಎಂದು ಮಕ್ಕಳಿಗೆ ಪ್ರತಿವರ್ಷ ಹೇಳುತ್ತೇನೆ. ಮುಚ್ಚಳ ಸರಿಯಾಗಿ ಕೂತಿರಬೇಕು ಎಂಬುದನ್ನೂ ಹೇಳಬೇಕಿತ್ತು.

ಕೆಲಸ ಚೆನ್ನಾಗಿ ಸಾಗಿತು. ಅರ್ಧ ಗಂಟೆ ಹಲ್ಲು ತೇದು, ತೇದ ಅಂಚು ಸರಿಯಾಗಿದೆಯೇ ಎಂದು ನೋಡಲು ಡಾಕ್ಟರ್ ಬೆರಳನ್ನು ಒಳಗೆ ಹಾಕಿದರು. ಆಗ ಡಬ್ಬಿ ಕೂಗಿತು. ಬರೀ ಕೂಗಲಿಲ್ಲ, ಸ್ಟೀಲಿನೊಳಗೆ ನೂರು ಜೀರುಂಡೆ ತುಂಬಿ ಕುಲುಕಿದಂತೆ ನಡುಗುತ್ತ ಕೂಗಿತು. ಪ್ರಯೋಗಾಲಯದ ಬೀಗದ ಕೈ ಎಲ್ಲಿ ಎಂದು ಕೇಳಲು ನಮ್ಮ ಹೆಡ್ಮಾಷ್ಟ್ರು ಮಾಡಿದ ಕರೆ ಅದು.

ನಾನು ಹಲ್ಲು ಕಚ್ಚಿದೆ. ಡಾಕ್ಟರ ಬೆರಳು ಇನ್ನೂ ಒಳಗಿತ್ತು.

ಅವರು ಕಿರುಚಲಿಲ್ಲ. ಕಣ್ಣು ಮಾತ್ರ ದೊಡ್ಡದಾಯಿತು. ಎಡಗೈಯಿಂದ ನನ್ನ ಗಲ್ಲವನ್ನು ಮೆಲ್ಲಗೆ ಒತ್ತಿ, "ಬಿಡಿ ಮಾಷ್ಟ್ರೆ, ಬಿಡಿ" ಎಂದರು, ಬಾಲ ಸಿಕ್ಕಿಕೊಂಡ ಬೆಕ್ಕನ್ನು ಸಮಾಧಾನ ಮಾಡುವ ದನಿಯಲ್ಲಿ. ಬಿಟ್ಟೆ. ಕೈಗವಸು ಹರಿದು ರಕ್ತ ಜಿನುಗುತ್ತಿತ್ತು. ಸದ್ದು ಕೇಳಿ ಒಳಬಂದ ಸುನಂದಾ ಬಾಗಿಲಲ್ಲೇ ನಿಂತಳು.

"ಇವ್ರು ಎಂತ ಮಾಡಿದ್ರು ಡಾಕ್ಟ್ರೆ?"

"ಕಚ್ಚಿದ್ರು" ಎಂದರು ಡಾಕ್ಟರ್, ಕೈ ತೊಳೆಯುತ್ತ.

ಭೂಮಿ ಬಾಯಿ ತೆರೆಯಲಿ ಎಂದು ನಾನು ಬೇಡಿಕೊಂಡೆ. ಅಷ್ಟು ಹೊತ್ತಿಗೆ ತೆರೆದಿದ್ದದ್ದು ನನ್ನ ಬಾಯಿ ಮಾತ್ರ. ಡಾಕ್ಟರ್ ಗಾಯಕ್ಕೆ ಔಷಧ ಹಾಕಿ ಪಟ್ಟಿ ಸುತ್ತಿ, ಹೊಸ ಕೈಗವಸು ತೊಟ್ಟು ಬಂದು ಮತ್ತೆ ಎದುರು ಕೂತರು. ಬೈಗುಳಕ್ಕೆ ತಲೆ ತಗ್ಗಿಸಿದೆ. ಅವರು ಕೇಳಿದ್ದೇ ಬೇರೆ.

"ಅರ್ಧ ಗಂಟೆಯಿಂದ ಆ ಡಬ್ಬಿ ನಿಮ್ಮ ಪಕ್ಕದಲ್ಲೇ ಇತ್ತು. ಫೋನು ಚಾಲೂ ಇತ್ತು. ತಲೆನೋವು ಬಂದಿತ್ತಾ?"

"ಇಲ್ಲ."

"ಈಗ?"

ಕೆನ್ನೆಯ ಮೇಲೆ ಆ ಹಳೆಯ ಸೆಳೆತ ಆಗಲೇ ಶುರುವಾಗಿತ್ತು. "ಈಗ ಉಂಟು."

"ಇಲ್ಲಿ ಕೈ ಇಡಿ. ಈಗ ಹಲ್ಲು ಕಚ್ಚಿ." ನನ್ನ ಬೆರಳುಗಳ ಕೆಳಗೆ ಕೆನ್ನೆಯ ಸ್ನಾಯು ಗಂಟಾಗಿ ಎದ್ದು ನಿಂತಿತು. "ನೀವು ಫೋನು ಕಂಡ ಕೂಡಲೇ ಹಲ್ಲು ಕಚ್ಚಿ ಹಿಡಿಯುದು. ನಿಮಗೇ ಗೊತ್ತಾಗುದಿಲ್ಲ. ನಿಮ್ಮ ಹಲ್ಲುಗಳೆಲ್ಲ ಸವೆದು ಚಪ್ಪಟೆಯಾದದ್ದು ನೋಡಿ ಮೊದಲ ದಿನವೇ ಸಂಶಯ ಇತ್ತು. ನೀರುದೋಸೆ ಪಾಪ, ಅದರದ್ದೆಂತ ತಪ್ಪಿಲ್ಲ. ಹಲ್ಲು ಮೊದಲೇ ಬಿರುಕು ಬಿಟ್ಟಿತ್ತು."

"ಹಾಗಾದ್ರೆ ನನ್ನ ನೋವು ಸುಳ್ಳಾ?"

"ಯಾರು ಹೇಳಿದ್ದು? ನೋವು ಉಂಟು, ಸರಿಯಾಗಿಯೇ ಉಂಟು. ಕಾರಣ ಮಾತ್ರ ಬೇರೆ ಇರಬಹುದು. ಪುತ್ತೂರಲ್ಲಿ ಒಬ್ರು ಡಾಕ್ಟ್ರಿಗೆ ಚೀಟಿ ಕೊಡ್ತೇನೆ, ಅವರೂ ಒಮ್ಮೆ ನೋಡ್ಲಿ."

ಮೂರು ವರ್ಷಗಳಲ್ಲಿ ಕೆಲವರು ನನ್ನನ್ನು ನಂಬಿದ್ದರು, ಹಲವರು ನಕ್ಕಿದ್ದರು. ನೋವನ್ನು ನಂಬಿ, ಕಾರಣವನ್ನು ಹುಡುಕಿದವರು ಇವರೊಬ್ಬರೇ. ಅದೂ ನನ್ನಿಂದ ಕಚ್ಚಿಸಿಕೊಂಡ ಮೇಲೆ.

ಕ್ಯಾಪಿನ ಮಾತು ಬಂದಾಗ ನಾನು ವಿನಯದಿಂದ, "ಯಾವುದು ಹಾಕಿದರೂ ಆದೀತು, ನೀವೇ ಹೇಳಿ" ಎಂದೆ.

"ನಿಮ್ಮ ಕಚ್ಚುವ ಶಕ್ತಿ ನೋಡಿದರೆ ಪಿಂಗಾಣಿಯ ಪದರ ನಿಲ್ಲಲಿಕ್ಕಿಲ್ಲ. ಜಿರ್ಕೋನಿಯಾವೇ ಸರಿ."

"ಅವ್ರು ಮೊದಲ ದಿನ ಹೇಳಿದ್ದೂ ಅದೇ ಅಲ್ವಾ?" ಎಂದಳು ಸುನಂದಾ.

ಕ್ಯಾಪ್ ಕೂತಿತು. ಮಲಗುವಾಗ ಹಲ್ಲಿಗೆ ಹಲ್ಲು ತಾಗದಂತೆ ಹಾಕಿಕೊಳ್ಳಲು ಪ್ಲಾಸ್ಟಿಕ್ಕಿನ ಕವಚವೊಂದನ್ನೂ ಕೊಟ್ಟರು. ಪುತ್ತೂರಿನ ಡಾಕ್ಟರು ನೋಡಿ, ಬೇರೇನೂ ತೊಂದರೆಯಿಲ್ಲ ಎಂದರು. ತಲೆನೋವು ಪೂರ್ತಿ ಹೋಗಿಲ್ಲ, ಆದರೆ ವಾರಕ್ಕೊಮ್ಮೆ ಬರುವ ನೆಂಟನ ಹಾಗಾಗಿದೆ. ಸುನಂದಾ ಈಗ ಜಗಲಿಯಲ್ಲೇ ಕೂತು ಅಕ್ಕನ ಜೊತೆ ಮಾತಾಡುತ್ತಾಳೆ. ಅದರಲ್ಲಿ ಮುಕ್ಕಾಲು ಪಾಲು ನಾನು ಡಾಕ್ಟರನ್ನು ಕಚ್ಚಿದ ಕಥೆ.

ಡಾಕ್ಟರ್ ಇನ್ನೊಂದು ಸಲಹೆ ಕೊಟ್ಟಿದ್ದರು. ತುಟಿ ಮುಚ್ಚಿರಲಿ, ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ತಾಗದಿರಲಿ. ಮರೆತುಹೋಗದಂತೆ ಕಣ್ಣಿಗೆ ಬೀಳುವಲ್ಲೆಲ್ಲ ಚೀಟಿ ಅಂಟಿಸಿಕೊಳ್ಳಿ ಎಂದು. ನಾನು ಶ್ರದ್ಧೆಯಿಂದ ದಪ್ಪ ಅಕ್ಷರಗಳಲ್ಲಿ 'ಹಲ್ಲು ಬಿಡಿ' ಎಂದು ಬರೆದು ಪ್ರಯೋಗಾಲಯದ ಬಾಗಿಲಿಗೂ ಕರಿಹಲಗೆಯ ಮೂಲೆಗೂ ಅಂಟಿಸಿದೆ.

ಸೋಮವಾರ ಒಂಬತ್ತನೇ ತರಗತಿಗೆ ಕಾಲಿಟ್ಟೆ. ನಲವತ್ತು ಮಕ್ಕಳು ಎದ್ದು ನಿಂತು ನನ್ನನ್ನೇ ನೋಡುತ್ತ ಹಲ್ಲು ಬಿಟ್ಟರು.

"ಎಂತ ಇದು?" ಎಂದೆ.

ಮುಂದಿನ ಬೆಂಚಿನ ಹುಡುಗಿ ಕರಿಹಲಗೆಯತ್ತ ಬೆರಳು ತೋರಿಸಿದಳು. "ನೀವೇ ಬರೆದದ್ದಲ್ವಾ ಸರ್?"

ಇಪ್ಪತ್ತಾರು ವರ್ಷಗಳಲ್ಲಿ ನಾನು ಬರೆದದ್ದನ್ನು ಇಡೀ ತರಗತಿ ಓದಿ, ಅರ್ಥ ಮಾಡಿಕೊಂಡು, ಪಾಲಿಸಿದ್ದು ಅದೊಂದೇ.