ಫ್ಲಾರೆನ್ಸ್‌ನ ಸ್ಯಾಂಡ್‌ವಿಚ್ ಅಂಗಡೀಲಿ ನಮ್ಮತ್ತೆ

ನಮ್ಮ ಅತ್ತೆ-ಮಾವನ್ನ ಹೊರಗೆ ತಿನ್ನೋಕೆ ಕರ್ಕೊಂಡು ಹೋಗಿ, ಸುಮ್ಮನೆ ತಿಂದು ಸುಮ್ಮನೆ ವಾಪಸ್ ಬಂದಿದ್ದು ಅಂತ ಇಲ್ವೇ ಇಲ್ಲ. ಏನಾದ್ರೂ ಒಂದು ಆಗೇ ಆಗುತ್ತೆ. ನಾನು ಈ ಕಥೆ ಶುರು ಮಾಡಿದ್ರೆ ನನ್ನ ಗಂಡ "ಮಧ್ಯೆ ಸ್ವಲ್ಪ ಉಸಿರಾಡು" ಅಂತಾರೆ. ಉಸಿರು ಯಾವಾಗ ಬೇಕಾದ್ರೂ ಆಡ್ಬಹುದು, ಇದನ್ನ ಮೊದಲು ಕೇಳಿ.

ಗ್ಲೌಸ್

ಅತ್ತೆ-ಮಾವ ಮೈಸೂರಿಂದ ಆರು ತಿಂಗಳಿಗೆ ಅಂತ ನಮ್ಮ ಜೊತೆ ಇರೋಕೆ, ಅಟ್ಲಾಂಟಾ ಹತ್ರ ನಾವಿರೋ ಊರು ಕಮ್ಮಿಂಗ್‌ಗೆ ಬಂದಿದ್ರು. ಕಮ್ಮಿಂಗ್ ಅಂದ್ರೆ ಕೊತ್ತಂಬರಿ ಸೊಪ್ಪು ಬೇಕಂದ್ರೂ ಕಾರ್ ತೆಗೀಬೇಕು. ನಮ್ಮ ಬಡಾವಣೆ ಹತ್ರ ಇದ್ದಿದ್ದು ಒಂದೇ ಒಂದು ಸ್ಯಾಂಡ್‌ವಿಚ್ ಅಂಗಡಿ, ಉದ್ದ ಬ್ರೆಡ್ ಸೀಳಿ ನಾವು ತೋರಿಸಿದ್ದನ್ನೆಲ್ಲ ಒಳಗೆ ತುಂಬಿ ಕೊಡ್ತಾರಲ್ಲ, ಆ ಥರದ್ದು. ಮೊದಲನೇ ಸಲ ಹೋಗೋ ಮುಂಚೆನೇ ಮಾವನಿಗೆ ಟ್ರೈನಿಂಗ್ ಕೊಟ್ಟೆ.

"ಮಾವ, ನಮ್ಮಂಥ ವೆಜಿಟೇರಿಯನ್‌ಗಳೆಲ್ಲ ಇಲ್ಲಿ ಮೊದಲು 'ಚೇಂಜ್ ಯುವರ್ ಗ್ಲೌಸ್ ಪ್ಲೀಸ್' ಅಂತೀವಿ. ಮಾಂಸ ಮುಟ್ಟಿದ ಗ್ಲೌಸ್ ಬಿಸಾಕಿ ಹೊಸದು ಹಾಕ್ಕೋತಾರೆ."

"ಹೇಳಿದ ತಕ್ಷಣ?"

"ಹೇಳಿದ ತಕ್ಷಣ."

ಮಾವ ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದೋರು. ಸರ್ವಿಸ್ ಪೂರ್ತಿ ಅವರು ಹೇಳಿದ್ದನ್ನ ಯಾರೂ ತಕ್ಷಣ ಮಾಡಿರ್ಲಿಲ್ಲ. ಕೌಂಟರ್ ಹುಡುಗಿಗೆ ಹೇಳಿದ್ರು, ಅವಳು "ಶೂರ್ ಸರ್" ಅಂತ ಬದಲಾಯಿಸಿದ್ಲು. ಮಾವನ ಮುಖ ಅರಳ್ತು. ಅವಳು ಕ್ಯಾಪ್ಸಿಕಮ್ ಮುಟ್ಟಿದ್ಲು, ಚೇಂಜ್ ಗ್ಲೌಸ್. ಓವನ್ ಬಾಗಿಲು ಮುಟ್ಟಿದ್ಲು, ಚೇಂಜ್ ಗ್ಲೌಸ್. ಕೊನೆಗೆ ಕ್ಯಾಷ್ ತಗೊಳ್ಳೋಕೆ ಕೈ ಚಾಚಿದ್ಲು, ಮಾವ ಮತ್ತೆ ಬಾಯಿ ತೆಗೆದ್ರು. ಆ ಹುಡುಗಿ ಪಾಪ ತುಂಬ ಮರ್ಯಾದೆಯಿಂದ ಹೇಳಿದ್ಲು: "ಸರ್, ಇದು ನಿಮ್ಮದೇ ದುಡ್ಡು."

ಬರದೇ ಇರೋ ಬ್ಯಾಗು

ಇಟಲಿ ಪ್ಲಾನ್ ನನ್ನದೇ. ನಿಜ ಹೇಳ್ಬೇಕಂದ್ರೆ ನನಗೆ ಬೇಕಾಗಿದ್ದಿದ್ದು ವೆನಿಸ್. ನಾನು ಚಿಕ್ಕೋಳಿದ್ದಾಗ ನಮ್ಮನೆ ಕ್ಯಾಲೆಂಡರಲ್ಲಿ ನೀರಿನ ಮಧ್ಯೆ ಮನೆಗಳು, ಉದ್ದ ಕಪ್ಪು ದೋಣಿ, ಹಾಗೊಂದು ಚಿತ್ರ ಇತ್ತು. ವರ್ಷ ಮುಗಿದ್ರೂ ಆ ಕ್ಯಾಲೆಂಡರ್ ಇಳಿಸೋಕೆ ಬಿಟ್ಟಿರ್ಲಿಲ್ಲ ನಾನು. ಅದಕ್ಕೇ ಅತ್ತೆ ಹತ್ರ ಚೆನ್ನಾಗಿ ಬುರುಡೆ ಬಿಟ್ಟೆ: "ಅತ್ತೆ, ಇಟಲೀಲಿ ಎಲ್ಲಾ ವೆಜ್ಜೇ. ಪಿಜ್ಜಾ, ಪಾಸ್ತಾ, ಬರೀ ಟೊಮೆಟೊ."

ಅತ್ತೆ ನನ್ನ ಮಾತು ನಂಬೋ ಪೈಕಿ ಅಲ್ಲ. ಒಂದು ಸೂಟ್‌ಕೇಸ್ ಪೂರ್ತಿ ಗೊಜ್ಜವಲಕ್ಕಿ, ಕೋಡುಬಳೆ, ಪುಳಿಯೋಗರೆ ಗೊಜ್ಜು, ಒಂದು ಪುಟ್ಟ ರೈಸ್ ಕುಕ್ಕರ್ ತುಂಬಿದ್ರು. ಅಟ್ಲಾಂಟಾದಲ್ಲಿ ಚೆಕ್-ಇನ್ ಮಾಡಿದ ಬ್ಯಾಗ್‌ಗಳಲ್ಲಿ ಅದೊಂದು ಬಿಟ್ಟು ಎಲ್ಲಾ ಫ್ಲಾರೆನ್ಸ್‌ಗೆ ಬಂತು.

ಏರ್‌ಪೋರ್ಟ್ ಕೌಂಟರ್‌ನಲ್ಲಿದ್ದ ಹೆಂಗಸು "ಬ್ಯಾಗ್ ನೋಡೋಕೆ ಹೇಗಿದೆ?" ಅಂತ ಇಂಗ್ಲಿಷಲ್ಲಿ ಕೇಳಿದ್ಲು. ನನ್ನ ಗಂಡ "ಕೆಂಪು, ದೊಡ್ಡದು" ಅಂದ್ರು. ಅತ್ತೆ ಅವರ ತೋಳು ತಿವಿದ್ರು. "ಕೆಂಪು ಬ್ಯಾಗು ಸಾವಿರ ಇರುತ್ತೋ. ಇಂಗಿನ ವಾಸನೆ ಬರುತ್ತೆ ಅಂತ ಹೇಳು, ನಾಯಿ ಬಿಟ್ಟು ಹುಡುಕ್ತಾರೆ."

ಕರ್ಚೀಫು

ಎರಡು ದಿನ ಅತ್ತೆ ಬಾಳೆಹಣ್ಣು, ಹಾಲು, ಬಾಳೆಹಣ್ಣು. ಎಲ್ಲಿ ಹೋದ್ರೂ "ಇದಕ್ಕೆ ಏನು ಮುಟ್ಟಿಸಿದಾರೋ" ಅಂತ ತಟ್ಟೆ ದೂಡೋರು. ಮೂರನೇ ದಿನ ಬೆಳಿಗ್ಗೆ ಮಂಚದ ಮೇಲೆ ಕೂತು ತೀರ್ಪು ಕೊಟ್ಟೇಬಿಟ್ರು.

"ನೋಡು ಮಗೂ, ಇವತ್ತು ಹೊಟ್ಟೆ ತುಂಬ ಒಂದು ಊಟ ಆದ್ರೆ ಸರಿ, ನೀನು ಹೇಳಿದ ಕಡೆ ಬರ್ತೀನಿ. ಆಗ್ಲಿಲ್ವಾ, ಟಿಕೆಟ್ ಬದಲಾಯಿಸಿಬಿಡಿ. ಕಮ್ಮಿಂಗ್‌ಗೆ ಹೋಗಿ ಅನ್ನ ಸಾರು ಮಾಡ್ಕೊಂಡು ತಿಂತೀನಿ."

ಮಾರನೇ ದಿನ ಬೆಳಿಗ್ಗೆ ವೆನಿಸ್‌ಗೆ ನಮ್ಮ ಟ್ರೈನು. ಹೋಟೆಲ್ ರಿಸೆಪ್ಷನ್‌ಗೆ ಓಡಿ, ಅಲ್ಲಿದ್ದ ಹುಡುಗನ್ನ ಕಾಡಿ ಬೇಡಿ ಕೇಳಿದ್ದಕ್ಕೆ ಒಂದು ಸ್ಯಾಂಡ್‌ವಿಚ್ ಅಂಗಡಿ ಹೇಳಿದ. ಊರಿಗೆಲ್ಲ ಫೇಮಸ್ಸಂತೆ, ಏನು ಕೇಳಿದ್ರೂ ಹಾಕಿ ಕೊಡ್ತಾರಂತೆ.

ಹೋಗಿ ನೋಡಿದ್ರೆ ಚಿಕ್ಕ ಗಲ್ಲಿ, ನಮ್ಮ ಕಮ್ಮಿಂಗ್ ಮನೇಲಿ ಬಟ್ಟೆ ಇಡೋ ಕ್ಲಾಸೆಟ್ ಅಷ್ಟು ಅಂಗಡಿ, ಲೈನು ಮಾತ್ರ ಗಲ್ಲಿ ತಿರುವಿನ ತನಕ. ಕೂರೋಕೆ ಜಾಗ ಇಲ್ಲ, ಜನ ಫುಟ್‌ಪಾತ್ ಅಂಚಲ್ಲೇ ಕೂತು ತಿಂತಾ ಇದಾರೆ. ಮಾವನಿಗೆ ಬಹಳ ಖುಷಿ. "ಇಷ್ಟು ರಷ್ಷಿದೆ ಅಂದ್ರೆ ತಿಂಡಿ ಚೆನ್ನಾಗೇ ಇರುತ್ತೆ. ನೀವು ಲೈನಲ್ಲಿರಿ, ನಾನು ಸೀಟ್ ಹಿಡೀತೀನಿ."

ಎದುರು ಮನೆ ಮೆಟ್ಟಿಲ ಮೇಲೆ ಟೈ ಕಟ್ಟಿದ ಒಬ್ಬ ಆಫೀಸಿನೋನು ಕೂತು ತಿಂತಿದ್ದ. ಭಾನುವಾರ ಬೆಳಿಗ್ಗೆ ಮೈಸೂರಿನ ಹೋಟೆಲಲ್ಲಿ ದೋಸೆ ತಿನ್ನೋರ ಕುರ್ಚಿ ಹಿಂದೆ ನಿಂತ್ಕೋತೀವಲ್ಲ, ಮಾವ ಹಾಗೇ ಅವನ ಬೆನ್ನ ಹಿಂದೆ ಕೈಕಟ್ಟಿ ನಿಂತು, ಅವನ ಸ್ಯಾಂಡ್‌ವಿಚ್ ಎಷ್ಟು ಉಳಿದಿದೆ ಅಂತ ಬಗ್ಗಿ ನೋಡೋಕೆ ಶುರು ಮಾಡಿದ್ರು. ಅವನು ತಿರುಗಿ ನಕ್ಕ. ಮಾವನೂ ನಕ್ರು. ಅವನು ಸ್ವಲ್ಪ ಸರಿದ. ಮಾವನೂ ಸರಿದ್ರು. ಕೊನೆಗೆ ಅವನು ಏನಂದ್ಕೊಂಡ್ನೋ, ಉಳಿದಿದ್ದರಲ್ಲಿ ಅರ್ಧ ಮುರಿದು ಮಾವನ ಕಡೆ ಚಾಚಿದ.

"ನೋ ನೋ, ಯು ಫಿನಿಶ್. ಐ ವಿಲ್ ವೇಟ್."

ಅವನು ಪೇಪರ್ ಸಮೇತ ಎದ್ದು ಹೊರಟೇಬಿಟ್ಟ. ಮಾವ ಆ ಮೆಟ್ಟಿಲ ಮೇಲೆ ಕರ್ಚೀಫ್ ಹಾಸಿ, "ಸಿಕ್ತು" ಅಂತ ನಮಗೆ ಕೈ ಬೀಸಿ, ಪಕ್ಕದಲ್ಲಿ ಕಾವಲು ನಿಂತ್ರು. ಸ್ವಲ್ಪ ಹೊತ್ತು ಬಿಟ್ಟು ನೋಡ್ತೀನಿ, ಯಾರೋ ದಾರಿಹೋಕರು ಕರ್ಚೀಫ್ ಮೇಲೆ ಒಂದು ಯೂರೋ ಹಾಕಿ ಹೋಗಿದಾರೆ.

ಯಾವ ಕಾಯಿಲೆ

ಅಂತೂ ಒಳಗೆ ಬಂದ್ವಿ. ಮೇಲಿಂದ ಇಷ್ಟಿಷ್ಟು ದಪ್ಪ ಮಾಂಸದ ತೊಡೆಗಳು ನೇತಾಡ್ತಾ ಇವೆ. ಅತ್ತೆ ರೇಷ್ಮೆ ಸೀರೆ, ಸ್ವೆಟರ್, ವಾಕಿಂಗ್ ಶೂ. ಸೆರಗು ಮೂಗಿಗೆ, ಕಣ್ಣು ಮುಚ್ಚಿ ನನ್ನ ಕೈ ಹಿಡ್ಕೊಂಡು ಬರ್ತಾ ಇದಾರೆ. ಗಾಜಿನ ಹಿಂದೆ ಮೀಸೆ ಬಿಟ್ಟ ಒಬ್ಬ ದಪ್ಪ ಆಸಾಮಿ, ಪಕ್ಕದಲ್ಲಿ ಕ್ಯಾಷ್ ಹತ್ರ ಒಬ್ಬ ಅಜ್ಜಿ.

ನಾನು ಬಾಯಿ ತೆಗೆಯೋ ಮುಂಚೆ ಬೀದಿಯಿಂದ, ಅಷ್ಟೂ ತಲೆಗಳ ಮೇಲೆ ಹಾದು ಮಾವನ ಗಂಟಲು: "ಚೇಂಜ್ ಗ್ಲೌಸ್ ಪ್ಲೀಸ್."

ಮೀಸೆಯೋನು ತನ್ನ ಕೈ ನೋಡ್ಕೊಂಡ. ಬರಿಗೈ. ನಾನು ನಾಚಿಕೇಲಿ ಸಾಯ್ತಾ, ಮಾಂಸ ತೋರಿಸಿ, ಅತ್ತೇನ ತೋರಿಸಿ, ಕೈ ತೊಳೆಯೋ ಆಕ್ಷನ್ ಮಾಡಿದೆ. ಅವನಿಗೆ ಅರ್ಥ ಆಯ್ತು. ಮೊಣಕೈ ತನಕ ಸೋಪ್ ಹಚ್ಚಿ ತೊಳೆದು, ಆಪರೇಷನ್ ಮಾಡೋ ಡಾಕ್ಟರ ಥರ ಎರಡೂ ಕೈ ಎತ್ತಿ ಇಡೀ ಲೈನಿಗೆ ತೋರಿಸಿದ. ಲೈನು ಚಪ್ಪಾಳೆ ತಟ್ತು. ಅವನಿಗೆ ಸ್ವಲ್ಪ ಇಂಗ್ಲಿಷ್ ಬರ್ತಿತ್ತು, ನಾನು ಹೇಳ್ತಾ ಹೋದೆ: ನೋ ಮೀಟ್, ನೋ ಫಿಶ್, ನೋ ಎಗ್, ನೋ ಆನಿಯನ್, ನೋ ಗಾರ್ಲಿಕ್. ಒಂದೊಂದಕ್ಕೂ ಅವನ ಮುಖ ಇನ್ನಷ್ಟು ಸಣ್ಣಗಾಯ್ತು. ಕೊನೆಗೆ ಗಾಜಿನ ಮೇಲೆ ಬಗ್ಗಿ, ಅತ್ತೆಗೆ ಕೇಳಿಸಬಾರದು ಅಂತ ಪಿಸುಗುಟ್ಟಿದ: "ಸಿನ್ಯೋರಾಗೆ ಯಾವ ಕಾಯಿಲೆ?"

ಉಪ್ಪು

ಅಷ್ಟೊತ್ತಿಗೆ ಅತ್ತೆ ಕಣ್ಣು ತೆರೆದು ಗಾಜಿನೊಳಗೆ ತರಕಾರಿ ನೋಡಿಬಿಟ್ಟಿದ್ರು. "ನೀನು ಸರಿ ಪಕ್ಕಕ್ಕೆ" ಅಂತ ನನ್ನ ತಳ್ಳಿ, ದೇವರಾಜ ಮಾರ್ಕೆಟಲ್ಲಿ ನಿಂತ ಹಾಗೆ ಸೀದಾ ಕನ್ನಡದಲ್ಲಿ ಶುರು ಮಾಡಿದ್ರು. "ಆ ಸುಟ್ಟ ಬದನೆಕಾಯಿ ಹಾಕಪ್ಪ. ಇನ್ನೊಂದು ಹಾಕು, ಜಿಪುಣತನ ಮಾಡ್ಬೇಡ. ಟೊಮೆಟೊ ಅದಲ್ಲ, ಈ ಕಡೇದು. ಆ ಚಾಕು ಬೇಡ, ಬೇರೆ ತಗೋ." ಅವನು ಇಟಾಲಿಯನ್‌ನಲ್ಲಿ ಏನೇನೋ ವಾದ ಮಾಡ್ತಾ, ಅವರು ಹೇಳಿದ್ದನ್ನೇ ಮಾಡ್ತಾ ಇದ್ದ. ಡ್ರಾಯರಿಂದ ಹೊಸ ಚಾಕೂ ತೆಗೆದ. ಲೈನಲ್ಲಿ ಒಬ್ಬರೂ ಗೊಣಗಲಿಲ್ಲ, ಕತ್ತು ಉದ್ದ ಮಾಡಿ ನೋಡ್ತಾ ಇದ್ರು.

ಅತ್ತೆ ಅಲ್ಲೇ ನಿಂತು ಒಂದು ಕಚ್ಚು ಕಚ್ಚಿದ್ರು. ಎರಡು ದಿನದ ಹಸಿವು. ನನ್ನ ವೆನಿಸ್ ಆ ಬಾಯೊಳಗಿತ್ತು. ಅಗಿದ್ರು, ನಿಲ್ಲಿಸಿದ್ರು.

"ಬ್ರೆಡ್ಡಿಗೆ ಉಪ್ಪೇ ಹಾಕಿಲ್ಲ."

"ಅತ್ತೆ, ಇಲ್ಲಿ ಬ್ರೆಡ್ಡೇ ಹಾಗಂತೆ, ಹಿಂದಿನ ಕಾಲದಿಂದ ಉಪ್ಪು ಹಾಕಲ್ವಂತೆ."

"ಹಿಂದಿನ ಕಾಲದಲ್ಲಿ ಯಾರೋ ಮರ್ತಿದಾರೆ, ಆಮೇಲೆ ಹೇಳೋರು ಯಾರೂ ಇರ್ಲಿಲ್ಲ. ನೀನು ಹೇಳು ಅವನಿಗೆ."

"ಅಮ್ಮಾ, ಪ್ಲೀಸ್, ಬೇಡ" ಅಂತ ನನ್ನ ಗಂಡ ಗೋಡೆಗೆ ಅಂಟ್ಕೊಂಡ್ರು. ವೆನಿಸ್ ಆಸೆಗೆ ನಾನು ಹೇಳಿಯೇಬಿಟ್ಟೆ: "ಸಾರಿ ಸರ್, ಬ್ರೆಡ್‌ನಲ್ಲಿ ಉಪ್ಪಿಲ್ಲ ಅಂತಿದಾರೆ."

ಮೀಸೆಯೋನು ಕೈ ಸೊಂಟಕ್ಕೆ ಕೊಟ್ಟ. ಕ್ಯಾಷ್ ಹತ್ರದ ಅಜ್ಜಿ "ಏನಂತೆ?" ಅನ್ನೋ ಹಾಗೆ ಗದ್ದ ಎತ್ತಿದ್ಲು, ಅವನು ಅವಳಿಗೆ ಇಟಾಲಿಯನ್‌ನಲ್ಲಿ ಹೇಳಿದ. ಅಜ್ಜಿ ಒಂದೇ ಏಟಿಗೆ ಎದ್ದು, ಟೇಬಲ್ ಕುಟ್ಟಿ, ಮೀಸೆಯೋನಿಗೆ ಬೆರಳು ತೋರಿಸಿ ಅದೇನು ಬೈದ್ಲು ಅಂತೀರಾ. ಅವನು ಸುಸ್ತಾಗಿ ನಮ್ಮ ಕಡೆ ತಿರುಗಿದ. "ಇವರು ನಮ್ಮಮ್ಮ. ಇಟಲಿಯ ದಕ್ಷಿಣದ ಕಡೆಯವರು, ಅಲ್ಲಿ ಬ್ರೆಡ್ಡಿಗೆ ಉಪ್ಪು ಹಾಕ್ತಾರೆ. ಮದುವೆಯಾಗಿ ಈ ಊರಿಗೆ ಬಂದಾಗಿಂದ ಇದೇ ಮಾತು ಹೇಳ್ತಾ ಇದಾರೆ. ನೀವು ಯಾಕೆ ಬಂದ್ರಿ?"

ಅಜ್ಜಿ ಬಂದು ಅತ್ತೆ ಕೈ ಹಿಡ್ಕೊಂಡು, ಕರ್ಟನ್ ಹಿಂದಿನ ಅಡುಗೆಮನೆಗೆ ಕರ್ಕೊಂಡು ಹೋಗಿಬಿಟ್ಲು. ಇಣುಕಿ ನೋಡಿದೆ. ಬ್ರೆಡ್ ಸುಟ್ಟು, ಟೊಮೆಟೊ ಉಜ್ಜಿ, ಎಣ್ಣೆ ಸುರಿದು, ಮೇಲೆ ಉಪ್ಪು, ಒಣಮೆಣಸಿನಕಾಯಿ ಪುಡಿ. ಅತ್ತೆ ಒಂದು ತಿಂದ್ರು, ಎರಡು ತಿಂದ್ರು, ಮೂರನೇದಕ್ಕೆ ಖಾರ ಇನ್ನೊಂದು ಚೂರು ಅಂತ ಬೆರಳು ತೋರಿಸಿದ್ರು. ನಾನು ಗಲ್ಲಿಗೆ ಓಡಿ ಬಂದು ನನ್ನ ಗಂಡನ ಶರ್ಟ್ ಹಿಡಿದು ಕುಣಿದೇ ಕುಣಿದೆ. ವೆನಿಸ್, ವೆನಿಸ್, ವೆನಿಸ್.

ತುಂಬ ಹೊತ್ತಾದ ಮೇಲೆ ಅತ್ತೆ ತೇಗ್ತಾ ಆಚೆ ಬಂದ್ರು. ಕೆನ್ನೆ ಕೆಂಪಗಾಗಿತ್ತು.

"ಹೊಟ್ಟೆ ತುಂಬ್ತಾ ಅತ್ತೆ?"

"ತುಂಬ್ತು ಕಣೇ. ನಾಳೆನೂ ಬಾ ಅಂದಿದಾಳೆ, ಬದನೆಕಾಯಿ ಮಾಡ್ತಾಳಂತೆ."

"ಅವಳಿಗೆ ಕನ್ನಡ ಬರಲ್ಲ, ನಿಮಗೆ ಇಟಾಲಿಯನ್ ಬರಲ್ಲ, ಬದನೆಕಾಯಿ ಅಂತ ಹೇಗೆ ಹೇಳಿದ್ಲು?"

"ಎತ್ತಿ ತೋರಿಸಿದ್ಲು. ಬದನೆಕಾಯಿಗೂ ಭಾಷೆ ಬೇಕಾ?"

"ಆದ್ರೆ ಅತ್ತೆ, ನಾಳೆ ಬೆಳಿಗ್ಗೆ ವೆನಿಸ್ ಟ್ರೈನು. ನಾನು ಹೇಳಿದ ಕಡೆ ಬರ್ತೀನಿ ಅಂದಿದ್ರಿ."

"ಊಟ ಸಿಗದೇ ಇದ್ದಾಗ ಹೇಳಿದ್ದು ಅದು. ಊಟ ಸಿಕ್ಕಿದ ಊರು ಬಿಟ್ಟು ಯಾರಾದ್ರೂ ಹೋಗ್ತಾರಾ? ಏನಿದೆ ಅಲ್ಲಿ, ನೀರು ತಾನೆ?"

"ದೋಣಿ ಅತ್ತೆ. ದೋಣೀಲಿ ಕೂರ್ಬೇಕು ನಾನು."

ನನ್ನ ಕಣ್ಣಲ್ಲಿ ನೀರು ನೋಡಿ ಅತ್ತೆ ಕರಗಿದ್ರು. ಬೆನ್ನು ಸವರಿದ್ರು. "ಅಯ್ಯೋ ಮಗೂ, ದೋಣಿಗೆ ಇಷ್ಟೊಂದಾ? ಮೈಸೂರಿಗೆ ಬಾ, ಕಾರಂಜಿ ಕೆರೇಲಿ ನಾನೇ ಕೂರಿಸ್ತೀನಿ."

ಮಾತಿಗೆ ತಪ್ಪೋರಲ್ಲ ನಮ್ಮತ್ತೆ. ಮುಂದಿನ ವರ್ಷ ಊರಿಗೆ ಹೋದಾಗ ನಿಜವಾಗ್ಲೂ ಕೂರಿಸಿದ್ರು. ಪೆಡಲ್ ಬೋಟು. ಅವರು ಕೋಡುಬಳೆ ತಿಂತಾ ಕೂತಿದ್ರು, ತುಳಿದಿದ್ದು ನಾನು.